ಹೊಸ ಐಡಿಯಾವನ್ನು ವಿಜ್ಞಾನದ ಆನ್‌ಲೈನ್ ಬಳಗದ ಮುಂದೆ ಇಡುವುದು ಹೇಗೆ?

ಎಷ್ಟೋ ಕಾಲದಿಂದ ತಲೆ ಕೊರೆಯುತ್ತಿರುವ ಒಂದು ಐಡಿಯಾ ನಿಮ್ಮಲ್ಲಿದೆ. ಗುರುತ್ವದ ಬಗ್ಗೆ ಇರಬಹುದು, ಕಾಲದ ಬಗ್ಗೆ ಇರಬಹುದು, ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಇರಬಹುದು. ಧೈರ್ಯ ಮಾಡಿ ಆನ್‌ಲೈನ್‌ನಲ್ಲಿ ವಿಜ್ಞಾನದವರು ಸೇರುವ ಕಡೆ ಬರೆದು ಹಾಕುತ್ತೀರಿ. ಸ್ವಲ್ಪ ಹೊತ್ತಿಗೇ ಪೋಸ್ಟ್‌ಗೆ ಬೀಗ ಬೀಳುತ್ತದೆ. 'ಇಲ್ಲಿ ಸ್ವಂತ ಸಿದ್ಧಾಂತಗಳಿಗೆ ಅವಕಾಶವಿಲ್ಲ' ಎಂಬ ಒಂದೇ ಸಾಲು. ಇಲ್ಲವೇ ಯಾರೋ ಒಂದು ಲಿಂಕ್ ಹಾಕಿ ಹೋಗುತ್ತಾರೆ. ಅದೂ ಇಲ್ಲ ಅಂದರೆ ಯಾರೂ ಏನೂ ಹೇಳುವುದಿಲ್ಲ. ಬೈದರೂ ಪರವಾಗಿಲ್ಲ, ಈ ಮೌನ ತಡೆಯಲಾಗದು ಅನಿಸುತ್ತದೆ, ಅಲ್ವಾ?

ಇಂಥ ಹೊತ್ತಿನಲ್ಲಿ ಕೆಲವರು 'ನನಗೆ ಇದೆಲ್ಲ ಆಗುವುದಿಲ್ಲ' ಎಂದು ಕೈಬಿಡುತ್ತಾರೆ. ಇನ್ನು ಕೆಲವರು 'ಅವರಿಗೆ ಹೊಸದು ಕಂಡರೆ ಆಗುವುದಿಲ್ಲ' ಎಂದು ಸಿಟ್ಟಾಗುತ್ತಾರೆ. ಎರಡರಿಂದಲೂ ನಷ್ಟವೇ. ಈ ಬಳಗಗಳು ಒಂದು ಐಡಿಯಾಗೆ ಹೇಗೆ ಪ್ರತಿಕ್ರಿಯಿಸುತ್ತವೆ ಎನ್ನುವುದಕ್ಕೆ ಒಂದು ಕ್ರಮ ಇದೆ. ಐಡಿಯಾ ವಿಚಿತ್ರವಾಗಿದೆಯೇ ಎಂಬುದು ಅಲ್ಲಿ ದೊಡ್ಡ ಮಾತಲ್ಲ. ಓದುವವರು ಅದನ್ನು ತಾವೇ ಪರೀಕ್ಷೆ ಮಾಡಿ ನೋಡಲು ಏನಾದರೂ ಕೊಟ್ಟಿದ್ದೀರಾ ಎಂಬುದೇ ಮುಖ್ಯ. ಈ ಲೇಖನದ ಎಲ್ಲ ಹೆಜ್ಜೆಗಳೂ ಅದರ ಸುತ್ತಲೇ ಇವೆ.

1. ಮೊದಲು ಆ ಕಡೆಯವರ ಪಾಡು ತಿಳಿಯಿರಿ

1775ರಲ್ಲಿ ಪ್ಯಾರಿಸ್ಸಿನ ರಾಯಲ್ ಅಕಾಡೆಮಿ ಆಫ್ ಸೈನ್ಸಸ್ ಒಂದು ತೀರ್ಮಾನ ಮಾಡಿತು. ವೃತ್ತದಷ್ಟೇ ವಿಸ್ತೀರ್ಣದ ಚೌಕ ರಚಿಸುವುದು, ಕೋನವನ್ನು ಮೂರು ಸಮಭಾಗ ಮಾಡುವುದು, ಘನವನ್ನು ಇಮ್ಮಡಿಗೊಳಿಸುವುದು, ನಿಲ್ಲದೆ ತಾನಾಗಿ ತಿರುಗುವ ಯಂತ್ರ: ಇವುಗಳನ್ನು ಸಾಧಿಸಿದ್ದೇವೆ ಎಂದು ಬರುವ ಯಾವ ಬರಹವನ್ನೂ ಇನ್ನು ಮುಂದೆ ನೋಡುವುದಿಲ್ಲ ಎಂದು. ಕೋನದ ಸಮಸ್ಯೆ ಸ್ಕೇಲು, ಕಂಪಾಸಿನಿಂದ ಆಗದು ಎಂಬುದಕ್ಕೆ ಪಿಯರ್ ವಾಂಟ್ಸೆಲ್ ಗಣಿತದ ಸಾಧನೆ (ಪ್ರೂಫ್) ಕೊಟ್ಟದ್ದು 1837ರಲ್ಲಿ. ವೃತ್ತದ ಸಮಸ್ಯೆಗೆ ಫರ್ಡಿನಾಂಡ್ ಲಿಂಡೆಮನ್ ತೆರೆ ಎಳೆದದ್ದು 1882ರಲ್ಲಿ. ಅಂದರೆ ಅಸಾಧ್ಯ ಎಂದು ಗೊತ್ತಾಗುವ ಎಷ್ಟೋ ಮೊದಲೇ ಅಕಾಡೆಮಿ ಬಾಗಿಲು ಹಾಕಿತ್ತು. ಬರುತ್ತಿದ್ದ ಕಾಗದಗಳನ್ನು ಓದಿ ತಪ್ಪು ಹುಡುಕುವುದರಲ್ಲೇ ಸದಸ್ಯರ ಸಮಯ ಹೋಗುತ್ತಿತ್ತು.

ಇವತ್ತಿನ ಆನ್‌ಲೈನ್ ಬಳಗಗಳದ್ದೂ ಇದೇ ಪಾಡು. ಅಲ್ಲಿ ಉತ್ತರ ಕೊಡುವವರಲ್ಲಿ ಹೆಚ್ಚಿನವರು ಸಂಬಳಕ್ಕೆ ಕೂತವರಲ್ಲ. ಸಂಶೋಧನೆ, ಪಾಠ, ಮನೆಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುವವರು. ಒಂದು ದೊಡ್ಡ ಹೇಳಿಕೆ ಬರೆಯಲು ಐದು ನಿಮಿಷ ಸಾಕು. ಅದರಲ್ಲಿ ತಪ್ಪೆಲ್ಲಿದೆ ಎಂದು ತಾಳ್ಮೆಯಿಂದ ತೋರಿಸಲು ಅರ್ಧ ದಿನ ಬೇಕು. ಹಾಗಾಗಿ ಅವರು ಮೊದಲ ಎರಡು ಪ್ಯಾರಾ ನೋಡಿಯೇ ಮುಂದೆ ಓದಬೇಕೋ ಬೇಡವೋ ಎಂದು ನಿರ್ಧರಿಸುತ್ತಾರೆ.

ಏನು ನೋಡಿ ನಿರ್ಧರಿಸುತ್ತಾರೆ? ಗಣಿತ ಭೌತವಿಜ್ಞಾನಿ ಜಾನ್ ಬಯೆಜ್ 1998ರಲ್ಲಿ ಒಂದು ಪಟ್ಟಿ ಮಾಡಿದರು. ಭೌತಶಾಸ್ತ್ರದಲ್ಲಿ ಕ್ರಾಂತಿ ಮಾಡಿದ್ದೇವೆ ಎನ್ನುವ ಬರಹಗಳಿಗೆ ಅಂಕ ಕೊಡುವ ಪಟ್ಟಿ. ಅಂಕ ಏರಿದಷ್ಟೂ ಬರಹದ ಮೇಲೆ ಅನುಮಾನ ಜಾಸ್ತಿ. ಪೂರ್ತಿ ದೊಡ್ಡಕ್ಷರದಲ್ಲಿ ಬರೆದ ಪ್ರತಿ ಪದಕ್ಕೆ 5 ಅಂಕ. ತಪ್ಪು ಹುಡುಕಿದವರಿಗೆ ಬಹುಮಾನದ ಹಣ ಕೊಡುತ್ತೇನೆ ಎಂದರೆ 10. ತನ್ನನ್ನು ಗೆಲಿಲಿಯೊಗೆ ಹೋಲಿಸಿಕೊಂಡು, ವಿಜ್ಞಾನಿಗಳೆಲ್ಲ ಸೇರಿ ಕಾಡುತ್ತಿದ್ದಾರೆ ಎಂದರೆ 40. ಎಲ್ಲಕ್ಕಿಂತ ಜಾಸ್ತಿ, 50 ಅಂಕ ಇರುವುದು ಯಾವುದಕ್ಕೆ ಗೊತ್ತಾ? ಕ್ರಾಂತಿಕಾರಿ ಸಿದ್ಧಾಂತ ಎಂದು ಹೇಳಿ, ಪರೀಕ್ಷಿಸಬಹುದಾದ ಒಂದೇ ಒಂದು ಖಚಿತ ಮುನ್ಸೂಚನೆಯನ್ನೂ ಕೊಡದಿರುವುದಕ್ಕೆ. ಪಟ್ಟಿ ಕಟುವಾಗಿದೆ, ನಿಜ. ಆದರೆ ಬರೆಯುವ ಮೊದಲು ಅದನ್ನು ಒಮ್ಮೆ ಓದಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಬರಹವನ್ನು ಎದುರಿನವರು ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದು ಅಲ್ಲಿ ನೇರವಾಗಿ ಸಿಗುತ್ತದೆ.

2. ಐಡಿಯಾವನ್ನು ಒಂದು ವಾಕ್ಯಕ್ಕೆ ಇಳಿಸಿ

'ಏನಾದರೂ ಹೀಗಾದರೆ, ಆಗ ಇಂಥದ್ದು ಕಾಣಬೇಕು' ಎನ್ನುವ ರೂಪದಲ್ಲಿ ಬರೆಯಿರಿ. ಎರಡನೆಯ ಭಾಗ ಬರೆಯಲು ಆಗದಿದ್ದರೆ ನಿಮ್ಮಲ್ಲಿರುವುದು ಇನ್ನೂ ಸಿದ್ಧಾಂತವಲ್ಲ, ಒಂದು ಪ್ರಶ್ನೆ. ಅದರಲ್ಲಿ ಕಡಿಮೆ ಅಂತ ಏನೂ ಇಲ್ಲ. ಪ್ರಶ್ನೆಗೆ ಎಲ್ಲ ಬಳಗದಲ್ಲೂ ಜಾಗ ಇದೆ. ಪ್ರಶ್ನೆಯನ್ನು ಸಿದ್ಧಾಂತ ಎಂದು ಕರೆದಾಗಲೇ ಬಾಗಿಲು ಮುಚ್ಚುವುದು.

ಒಂದು ಉದಾಹರಣೆ ಹಿಡಿದು ಮುಂದೆ ಹೋಗೋಣ. ದೂರದ ಗ್ಯಾಲಕ್ಸಿಗಳ ಬೆಳಕು ಕೆಂಪಿನ ಕಡೆ ಸರಿದಿರುತ್ತದೆ. ವಿಶ್ವ ಹಿಗ್ಗುತ್ತಿರುವುದರಿಂದ ಹಾಗಾಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ನಿಮಗೆ ಹೀಗೆ ಹೊಳೆಯುತ್ತದೆ: ವಿಶ್ವ ಹಿಗ್ಗುತ್ತಿಲ್ಲ, ಕೋಟ್ಯಂತರ ವರ್ಷ ಸಾಗಿ ಬರುವಾಗ ಬೆಳಕೇ ಸ್ವಲ್ಪ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತಿರಬಹುದಲ್ಲವೇ? ಶಕ್ತಿ ಕಡಿಮೆಯಾದರೆ ಬೆಳಕು ಕೆಂಪಾಗುತ್ತದೆ. ಸರಳವಾದ, ಸುಂದರವಾದ ಯೋಚನೆ. ಸ್ವಂತವಾಗಿ ಯೋಚಿಸುವ ಯಾರಿಗಾದರೂ ಹೊಳೆಯುವಂಥದ್ದು.

3. ನಿಮಗಿಂತ ಮೊದಲು ಯಾರಿಗೆ ಹೊಳೆದಿತ್ತು, ಹುಡುಕಿ

ಮೇಲಿನ ಯೋಚನೆ 1929ರಲ್ಲೇ ಫ್ರಿಟ್ಜ್ ಝ್ವಿಕಿ ಎಂಬ ಖಗೋಳ ವಿಜ್ಞಾನಿಗೆ ಹೊಳೆದಿತ್ತು. 'ಟೈರ್ಡ್ ಲೈಟ್' ಎಂಬ ಹೆಸರಿನಲ್ಲಿ ಹುಡುಕಿದರೆ ದಶಕಗಳ ವಾದ ಸಿಗುತ್ತದೆ. ಅದು ಯಾಕೆ ಬಿದ್ದುಹೋಯಿತು ಎಂಬುದೂ ಸಿಗುತ್ತದೆ, ಮತ್ತು ನಿಮಗೆ ನಿಜಕ್ಕೂ ಬೇಕಾದದ್ದು ಅದೇ.

ಟೈಪ್ ಒನ್-ಎ ಎಂಬ ಜಾತಿಯ ಸೂಪರ್‌ನೋವಾಗಳು, ಅಂದರೆ ನಕ್ಷತ್ರ ಸ್ಫೋಟಗಳು, ಹೆಚ್ಚೂ ಕಡಿಮೆ ಒಂದೇ ರೀತಿ ಬೆಳಗಿ, ಒಂದೇ ರೀತಿ ಮಂಕಾಗುತ್ತವೆ. ವಿಶ್ವ ಹಿಗ್ಗುತ್ತಿದ್ದರೆ ದೂರದ ಸ್ಫೋಟ ನಮಗೆ ನಿಧಾನವಾಗಿ ಕಾಣಬೇಕು. ಕೆಂಪು ಸರಿತ 1 ಇರುವ ಕಡೆ, ಅಂದರೆ ತರಂಗದ ಉದ್ದ ಎರಡು ಪಟ್ಟಾಗಿರುವ ಕಡೆ, 20 ದಿನ ಹಿಡಿಯುವ ಬದಲಾವಣೆ ನಮಗೆ 40 ದಿನ ಹಿಡಿದಂತೆ ಕಾಣಬೇಕು. ಬೆಳಕು ಸುಮ್ನೆ ಶಕ್ತಿ ಕಳೆದುಕೊಳ್ಳುತ್ತಿದ್ದರೆ ಬಣ್ಣ ಬದಲಾಗುತ್ತದೆ, ಸ್ಫೋಟದ ವೇಗ ಬದಲಾಗುವುದಿಲ್ಲ; 20 ದಿನ 20 ದಿನವಾಗಿಯೇ ಇರಬೇಕು. ಅಳೆದು ನೋಡಿದ್ದಾರೆ. 40 ದಿನವೇ ಬಂದಿದೆ. 2024ರಲ್ಲಿ ಡಾರ್ಕ್ ಎನರ್ಜಿ ಸರ್ವೆ ತಂಡ ಸುಮಾರು 1,500 ಸೂಪರ್‌ನೋವಾಗಳನ್ನು ಇಟ್ಟುಕೊಂಡು ಮತ್ತೆ ಅಳೆದಾಗಲೂ ಹಿಗ್ಗುವ ವಿಶ್ವದ ಲೆಕ್ಕವೇ ಹೊಂದಿತು.

ಇಷ್ಟು ತಿಳಿದ ಮೇಲೆ ನೀವು ನಿಂತಿರುವ ಜಾಗವೇ ಬೇರೆ. 'ಬೆಳಕು ದಣಿಯುತ್ತದೆ' ಎನ್ನುವ ಕಡೆಯಿಂದ 'ಸ್ಫೋಟ ನಿಧಾನವಾಗುವುದನ್ನು ಇನ್ಯಾವ ರೀತಿಯಲ್ಲಾದರೂ ವಿವರಿಸಬಹುದೇ' ಎನ್ನುವ ಕಡೆಗೆ ಬಂದಿದ್ದೀರಿ. ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವವರು ಸಿಗುತ್ತಾರೆ.

ಹುಡುಕುವಾಗ ಒಂದು ಕಿವಿಮಾತು. ನಿಮ್ಮದೇ ಪದಗಳಲ್ಲಿ ಹುಡುಕಿದರೆ ಏನೂ ಸಿಗದಿರಬಹುದು. ಆ ಕ್ಷೇತ್ರದವರು ಅದಕ್ಕೆ ಇಟ್ಟಿರುವ ಹೆಸರು ಬೇರೆ ಇರುತ್ತದೆ. ಆ ಹೆಸರು ಗೊತ್ತಿಲ್ಲದಿದ್ದರೆ ಅದನ್ನೇ ಬಳಗದಲ್ಲಿ ಕೇಳಿ: 'ಇಂಥ ಯೋಚನೆಗೆ ಏನೆಂದು ಕರೆಯುತ್ತಾರೆ?' ಇಷ್ಟು ಸಣ್ಣ ಪ್ರಶ್ನೆಗೆ ಯಾರೂ ಬೇಸರಪಡುವುದಿಲ್ಲ.

4. ಈಗಾಗಲೇ ಅಳೆದ ಸಂಖ್ಯೆಗಳಿಗೆ ನಿಮ್ಮ ಐಡಿಯಾ ಹೊಂದುತ್ತದೆಯೇ?

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇಲ್ಲಿದೆ. ಹೊಸ ಐಡಿಯಾ ಹೊಸದನ್ನು ವಿವರಿಸಿದರೆ ಸಾಲದು, ಹಳೆಯದನ್ನು ಕೆಡಿಸಬಾರದು. ಗುರುತ್ವವನ್ನೇ ತೆಗೆದುಕೊಳ್ಳಿ. ಐನ್‌ಸ್ಟೈನರ ಸಿದ್ಧಾಂತದ ಬದಲು ಬೇರೊಂದು ಇಡಬೇಕು ಅಂದರೆ ಅದರಿಂದ ಕನಿಷ್ಠ ಇವು ಬರಬೇಕು: ಬುಧನ ಕಕ್ಷೆ ನೂರು ವರ್ಷಕ್ಕೆ 43 ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ) ಹೆಚ್ಚುವರಿಯಾಗಿ ತಿರುಗುವುದು, ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 1.75 ಆರ್ಕ್‌ಸೆಕೆಂಡ್ ಬಾಗುವುದು. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುವುದು.

ಕೊನೆಯದನ್ನು ಹತ್ತಿರದಿಂದ ನೋಡಿ. ಮೇಲೆ ಗುರುತ್ವ ಕಡಿಮೆ ಇರುವುದರಿಂದ ಗಡಿಯಾರ ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ಉಪಗ್ರಹ ವೇಗವಾಗಿ ಓಡುವುದರಿಂದ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ. ಉಳಿದದ್ದು 38. ಅಷ್ಟು ಹೊತ್ತಿನಲ್ಲಿ ಬೆಳಕು ಸಾಗುವ ದೂರ 11 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಈ ವ್ಯತ್ಯಾಸವನ್ನು ಸರಿ ಮಾಡದಿದ್ದರೆ ಫೋನಿನ ನಕ್ಷೆ ಒಂದೇ ದಿನದಲ್ಲಿ ಕಿಲೋಮೀಟರುಗಟ್ಟಲೆ ತಪ್ಪುತ್ತದೆ. 'ಐನ್‌ಸ್ಟೈನ್ ತಪ್ಪು' ಎಂದು ಬರೆಯುವವರ ಜೇಬಿನಲ್ಲಿರುವ ಫೋನು ಆ ಲೆಕ್ಕದ ಮೇಲೆ ನಡೆಯುತ್ತಿದೆ. ನಿಮ್ಮ ಸಿದ್ಧಾಂತದಿಂದ ಆ 38 ಹೇಗೆ ಬರುತ್ತದೆ? ಇದನ್ನು ಯಾರೇ ಕೇಳಿದರೂ ಅವಮಾನ ಎಂದುಕೊಳ್ಳಬೇಡಿ. ಒಬ್ಬ ಪ್ರೊಫೆಸರ್ ಹೊಸ ಸಿದ್ಧಾಂತ ತಂದರೂ ಇದನ್ನೇ ಕೇಳುತ್ತಾರೆ.

ಪ್ರೊಫೆಸರುಗಳಿಗೂ ರಿಯಾಯಿತಿ ಇಲ್ಲ ಎಂಬುದಕ್ಕೆ 2017ರ ಆಗಸ್ಟ್ 17 ಸಾಕ್ಷಿ. ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದದ್ದರ ಗುರುತ್ವ ಅಲೆಗಳು ಅಂದು ಭೂಮಿಗೆ ತಲುಪಿದವು. ಗಾಮಾ ಕಿರಣಗಳು ಬಂದದ್ದು ಅದರ ಹಿಂದೆಯೇ, 1.7 ಸೆಕೆಂಡ್ ಬಿಟ್ಟು. ಸುಮಾರು 13 ಕೋಟಿ ವರ್ಷ ಸಾಗಿ ಬಂದರೂ ಅಂತರ ಇಷ್ಟೇ. ಅಂದರೆ ಗುರುತ್ವ ಅಲೆ ಮತ್ತು ಬೆಳಕಿನ ವೇಗ ಒಂದೇ ಎಂದಾಯಿತು. ವೇಗ ಬೇರೆ ಇರಬೇಕು ಎನ್ನುತ್ತಿದ್ದ ಹಲವು ಸಿದ್ಧಾಂತಗಳು ಆ ಒಂದು ಅಳತೆಯಿಂದ ಬಿದ್ದವು. ಅವನ್ನು ಕಟ್ಟಿದವರು ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದ ವೃತ್ತಿಪರರು.

5. ಯೂನಿಟ್ ನೋಡಿ

ಸಮೀಕರಣ ಬರೆದಿದ್ದರೆ ಎರಡೂ ಕಡೆಯ ಯೂನಿಟ್ ಒಂದೇ ಇದೆಯೇ ನೋಡಿ. 'ಶಕ್ತಿ = ದ್ರವ್ಯರಾಶಿ × ವೇಗ' ಎಂದು ಬರೆದರೆ ಬಲಗಡೆ ಕಿಲೋಗ್ರಾಂ × ಮೀಟರ್ ÷ ಸೆಕೆಂಡ್ ಬರುತ್ತದೆ. ಶಕ್ತಿಗೆ ಬೇಕಾದದ್ದು ಕಿಲೋಗ್ರಾಂ × ಮೀಟರ್‌ನ ವರ್ಗ ÷ ಸೆಕೆಂಡಿನ ವರ್ಗ. ಇಲ್ಲಿ ವಾದಕ್ಕೆ ಜಾಗವೇ ಇಲ್ಲ. ಓದುವವರು ಎಲ್ಲಕ್ಕಿಂತ ಮೊದಲು ನೋಡುವುದು ಇದನ್ನೇ, ಯಾಕೆಂದರೆ ಒಂದು ನಿಮಿಷದಲ್ಲಿ ಆಗುತ್ತದೆ. ಅವರಿಗಿಂತ ಮೊದಲು ನೀವು ನೋಡಿಬಿಡಿ.

6. ಚಾಟ್‌ಬಾಟ್ ಹೊಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ

ಇತ್ತೀಚಿನ ವರ್ಷಗಳಲ್ಲಿ ಬಳಗಗಳು ಮೊದಲಿಗಿಂತ ಬಿಗಿಯಾಗಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಒಬ್ಬರು ತಮ್ಮ ಯೋಚನೆಯನ್ನು ಎಐ ಚಾಟ್‌ಬಾಟ್ ಮುಂದೆ ಇಡುತ್ತಾರೆ. ಅದು 'ಅದ್ಭುತ ಒಳನೋಟ' ಎನ್ನುತ್ತದೆ, ಸಮೀಕರಣ ಜೋಡಿಸುತ್ತದೆ, ಇಪ್ಪತ್ತು ಪುಟದ ಪ್ರಬಂಧ ಮಾಡಿಕೊಡುತ್ತದೆ. ನೋಡಲು ಥೇಟ್ ಸಂಶೋಧನಾ ಪ್ರಬಂಧ. ಒಳಗೆ ಹೋದರೆ ಒಂದು ಸಾಲಿಗೂ ಮುಂದಿನ ಸಾಲಿಗೂ ಸಂಬಂಧ ಇರುವುದಿಲ್ಲ. ಇಲ್ಲದ ಪ್ರಬಂಧಗಳ ಹೆಸರು ಉಲ್ಲೇಖದಲ್ಲಿ ಬಂದಿರುತ್ತದೆ. ಹೀಗಾಗಿ ಹಲವು ಕಡೆ ಎಐ ಬರೆದ ಪೋಸ್ಟ್ ಎಂದು ಅನುಮಾನ ಬಂದರೂ ತೆಗೆದುಹಾಕುತ್ತಾರೆ.

ಚಾಟ್‌ಬಾಟ್ ಬಳಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಕೇಳುವ ಪ್ರಶ್ನೆ ಬದಲಾಯಿಸಿ. 'ನನ್ನ ಐಡಿಯಾ ಹೇಗಿದೆ?' ಎನ್ನಬೇಡಿ. 'ಒಬ್ಬರು ಹೀಗೆ ಹೇಳುತ್ತಿದ್ದಾರೆ, ಇದಕ್ಕೆ ವಿರುದ್ಧವಾದ ಅಳತೆಗಳು ಯಾವುವು?' ಎಂದು ಕೇಳಿ. ಬಂದ ಪ್ರತಿ ಹೆಸರನ್ನೂ ಪ್ರತಿ ಪ್ರಬಂಧವನ್ನೂ ನೀವೇ ತೆರೆದು ನೋಡಿ. ಕೊನೆಯ ಬರಹ ಮಾತ್ರ ನಿಮ್ಮದೇ ಆಗಿರಲಿ. ಒಂದು ಸಾಲಿನ ಬಗ್ಗೆ ಯಾರಾದರೂ ಕೇಳಿದರೆ ಪುಸ್ತಕ ನೋಡದೆ ವಿವರಿಸಲು ನಿಮಗೆ ಬರಬೇಕು. ಬಾರದಿದ್ದರೆ ಆ ಸಾಲು ತೆಗೆಯಿರಿ.

7. ಸರಿಯಾದ ಜಾಗ ಆರಿಸಿ

ಎಲ್ಲ ಬಳಗದ ಕೆಲಸವೂ ಒಂದೇ ಅಲ್ಲ. ಫಿಸಿಕ್ಸ್ ಸ್ಟಾಕ್ ಎಕ್ಸ್‌ಚೇಂಜ್ ಇರುವುದು ಒಪ್ಪಿತ ಭೌತಶಾಸ್ತ್ರದ ಪ್ರಶ್ನೋತ್ತರಕ್ಕೆ. ಅಲ್ಲಿ 'ಟೈರ್ಡ್ ಲೈಟ್ ಯಾಕೆ ಸರಿಯಲ್ಲ?' ಎಂಬ ಪ್ರಶ್ನೆ ನಡೆಯುತ್ತದೆ, 'ನನ್ನ ಟೈರ್ಡ್ ಲೈಟ್ ಸಿದ್ಧಾಂತ ಪರಿಶೀಲಿಸಿ' ಎಂಬುದು ನಡೆಯುವುದಿಲ್ಲ. ಫಿಸಿಕ್ಸ್ ಫೋರಮ್ಸ್‌ನಲ್ಲಿ ಸ್ವಂತ ಸಿದ್ಧಾಂತಗಳಿಗೆ ನಿಯಮದಲ್ಲೇ ಅವಕಾಶ ಇಲ್ಲ. ರೆಡಿಟ್‌ನ ಹೈಪೊಥೆಟಿಕಲ್ ಫಿಸಿಕ್ಸ್ ಥರದ ಗುಂಪುಗಳು ಇಂಥ ಊಹೆಗಳಿಗೆಂದೇ ಇವೆ. ಅಲ್ಲಿ ಟೀಕೆ ಖಾರವಾಗಿರುತ್ತದೆ, ಆದರೆ ಓದುತ್ತಾರೆ. ಗಣಿತದಲ್ಲಿ ಮ್ಯಾಥ್‌ಓವರ್‌ಫ್ಲೋ ಸಂಶೋಧನಾ ಮಟ್ಟದ ಪ್ರಶ್ನೆಗಳಿಗೆ ಮೀಸಲು.

ಆರ್‌ಕೈವ್ ಬಗ್ಗೆ ಹಲವರಿಗೆ ತಪ್ಪು ಕಲ್ಪನೆ ಇದೆ. ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಶುರು ಮಾಡಿದ ಈ ತಾಣದಲ್ಲಿ ಪ್ರಬಂಧಗಳು ಪೂರ್ಣ ಪರಿಶೀಲನೆಗೆ ಮೊದಲೇ ಬರುತ್ತವೆ. ಹಾಗಂತ ಯಾರು ಏನು ಬೇಕಾದರೂ ಹಾಕಬಹುದು ಎಂದಲ್ಲ. ಹೊಸಬರಿಗೆ ಆ ಕ್ಷೇತ್ರದಲ್ಲಿ ಈಗಾಗಲೇ ಇರುವವರ ಅನುಮೋದನೆ ಬೇಕಾಗುತ್ತದೆ, ಮಾಡರೇಟರುಗಳೂ ನೋಡುತ್ತಾರೆ. ಈ ನಿಯಮಗಳಿಗೆ ಬೇಸತ್ತು ಫಿಲಿಪ್ ಗಿಬ್ಸ್ 2009ರಲ್ಲಿ ವಿಕ್ಸ್ರಾ ಎಂಬ ಬೇರೆ ತಾಣ ತೆರೆದರು. ಅಲ್ಲಿ ತಡೆ ಕಡಿಮೆ. ಅದೇ ಕಾರಣಕ್ಕೆ ಆ ಕ್ಷೇತ್ರದವರು ಅತ್ತ ಹೋಗಿ ಓದುವುದೂ ಕಡಿಮೆ.

ಅಪರಿಚಿತರಿಗೆ ಸಾಲುಸಾಲಾಗಿ ಇಮೇಲ್ ಕಳಿಸಿ ಅನುಮೋದನೆ ಬೇಡಬೇಡಿ. ಒಬ್ಬರನ್ನು ಆರಿಸಿ, ಅವರ ಒಂದು ಪ್ರಬಂಧ ಓದಿ, ಅದಕ್ಕೆ ಸಂಬಂಧಪಟ್ಟ ಒಂದೇ ಪ್ರಶ್ನೆ ಕೇಳಿ.

8. ಪೋಸ್ಟ್ ಬರೆಯುವುದು

ಹೀಗೆ ಬರೆದರೆ ಯಾರೂ ಓದುವುದಿಲ್ಲ:

'ಬಿಗ್ ಬ್ಯಾಂಗ್ ಸುಳ್ಳು! ನೂರು ವರ್ಷಗಳಿಂದ ವಿಜ್ಞಾನಿಗಳು ಕಾಣದ ಸತ್ಯವನ್ನು ನಾನು ಕಂಡುಹಿಡಿದಿದ್ದೇನೆ. ನನಗೆ ಗಣಿತ ಅಷ್ಟಾಗಿ ಬಾರದು, ಅದನ್ನು ಬೇರೆಯವರು ಮಾಡಿಕೊಳ್ಳಲಿ. 64 ಪುಟದ ಪಿಡಿಎಫ್ ಲಗತ್ತಿಸಿದೆ. ಪೂರ್ತಿ ಓದಿಯೇ ಮಾತಾಡಿ.'

ಅದೇ ಯೋಚನೆಯನ್ನು ಹೀಗೆ ಬರೆಯಬಹುದು:

'ದೂರದ ಬೆಳಕು ಕೆಂಪಾಗುವುದಕ್ಕೆ ವಿಶ್ವದ ಹಿಗ್ಗುವಿಕೆಯ ಬದಲು ಬೆಳಕು ಶಕ್ತಿ ಕಳೆದುಕೊಳ್ಳುವುದು ಕಾರಣ ಎಂದುಕೊಂಡರೆ ಏನಾಗುತ್ತದೆ ಎಂದು ನೋಡುತ್ತಿದ್ದೇನೆ. ಝ್ವಿಕಿ 1929ರಲ್ಲಿ ಹೇಳಿದ್ದು ಓದಿದ್ದೇನೆ. ಸೂಪರ್‌ನೋವಾಗಳು ನಿಧಾನವಾಗಿ ಕಾಣುವುದನ್ನು ಈ ಯೋಚನೆ ವಿವರಿಸುವುದಿಲ್ಲ ಎಂಬುದು ಗೊತ್ತು. ನನ್ನ ಪ್ರಶ್ನೆ ಇಷ್ಟೇ: ಶಕ್ತಿ ಕಳೆದುಕೊಳ್ಳುವ ಪ್ರಕ್ರಿಯೆಯೇ ಬೆಳಕಿನ ಕಂತುಗಳ ನಡುವಿನ ಅಂತರವನ್ನೂ ಹಿಗ್ಗಿಸಿದರೆ ಅದು ಯಾವ ಅಳತೆಗೆ ವಿರುದ್ಧವಾಗುತ್ತದೆ? ಆಕಾಶದ ಎಲ್ಲ ಕಡೆಯಿಂದ ಬರುವ ಹಿನ್ನೆಲೆ ವಿಕಿರಣದ 2.725 ಕೆಲ್ವಿನ್ ವರ್ಣಪಟಲಕ್ಕೆ ಹೊಂದುವುದಿಲ್ಲ ಅನಿಸುತ್ತಿದೆ. ನನ್ನ ಲೆಕ್ಕ ಕೆಳಗಿದೆ, ಮೂರನೆಯ ಸಾಲಿನ ಬಗ್ಗೆ ನನಗೆ ಖಾತ್ರಿ ಇಲ್ಲ.'

ಎರಡನೆಯದರಲ್ಲಿ ಐಡಿಯಾ ಒಂಚೂರೂ ಸಪ್ಪೆಯಾಗಿಲ್ಲ. ಓದುವವರಿಗೆ ಎಲ್ಲಿ ಕೈ ಹಾಕಬೇಕೆಂದು ತಿಳಿಯುತ್ತದೆ. ತನ್ನ ಐಡಿಯಾ ಎಲ್ಲಿ ಸೋಲಬಹುದು ಎಂದು ತಾನೇ ತೋರಿಸಿದವರ ಜೊತೆ ಮಾತಾಡಲು ಜನ ಮುಂದೆ ಬರುತ್ತಾರೆ.

1924ರಲ್ಲಿ ಢಾಕಾ ವಿಶ್ವವಿದ್ಯಾಲಯದ ಸತ್ಯೇಂದ್ರನಾಥ ಬೋಸ್ ಐನ್‌ಸ್ಟೈನರಿಗೆ ಬರೆದ ಪತ್ರವೂ ಇದೇ ದಾರಿಯದು. ಇಬ್ಬರಿಗೂ ಪರಿಚಯ ಇರಲಿಲ್ಲ. ಬಿಸಿ ವಸ್ತು ಸೂಸುವ ಬೆಳಕಿನ ಲೆಕ್ಕ ಹೇಳುವ ಪ್ಲಾಂಕ್ ನಿಯಮದಲ್ಲಿರುವ ಒಂದು ಗುಣಾಂಕವನ್ನು ಹಳೆಯ ವಿದ್ಯುತ್ಕಾಂತ ಸಿದ್ಧಾಂತದ ಸಹಾಯವಿಲ್ಲದೆ ಪಡೆಯಲು ಪ್ರಯತ್ನಿಸಿದ್ದೇನೆ, ನೋಡಿ ಅಭಿಪ್ರಾಯ ಹೇಳಿ ಎಂದು ಬೋಸ್ ಕೇಳಿದ್ದರು. ಜೊತೆಗಿದ್ದ ಪ್ರಬಂಧ ಕೆಲವೇ ಪುಟದ್ದು. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕಳಿಸಿದರು. ಫೋಟಾನುಗಳನ್ನು ಬೋಸ್ ಎಣಿಸಿದ್ದ ರೀತಿ ಆ ಕಾಲಕ್ಕೆ ಪೂರ್ತಿ ಹೊಸದು. ಆದರೆ ಉತ್ತರ ಎಲ್ಲರಿಗೂ ಗೊತ್ತಿದ್ದ ಪ್ಲಾಂಕ್ ನಿಯಮಕ್ಕೇ ಬಂದು ನಿಲ್ಲುತ್ತಿತ್ತು, ಹಾಗಾಗಿ ಪರೀಕ್ಷಿಸಲು ಸಾಧ್ಯವಾಯಿತು.

9. ಉತ್ತರಗಳನ್ನು ಓದುವುದು

ಬರೀ ಲಿಂಕ್ ಬಂದರೆ ಅದನ್ನು ತೆರೆದು ಓದಿ. 'ನಿಮ್ಮ ಪ್ರಶ್ನೆಗೆ ಇಲ್ಲಿ ಉತ್ತರ ಇದೆ' ಎಂದು ಅದರ ಅರ್ಥ, ತಿರಸ್ಕಾರ ಅಲ್ಲ. ಬೀಗ ಬಿದ್ದರೆ ಯಾವ ನಿಯಮದಡಿ ಎಂದು ನೋಡಿ. ಹೆಚ್ಚಿನ ಸಲ ಜಾಗ ತಪ್ಪಾಗಿರುತ್ತದೆ. ಹೊಸ ಹೆಸರಿನಲ್ಲಿ ಮತ್ತೆ ಅದನ್ನೇ ಹಾಕಬೇಡಿ, ಅಲ್ಲಿಗೆ ನಿಮ್ಮ ಮಾತು ಮುಗಿಯುತ್ತದೆ. 'ಇದು ತಪ್ಪು ಎನ್ನುವ ಮಟ್ಟಕ್ಕೂ ಬಂದಿಲ್ಲ' ಎಂಬ ಮಾತು ಭೌತಶಾಸ್ತ್ರದವರಲ್ಲಿ ಆಗಾಗ ಕೇಳಿಬರುತ್ತದೆ. ವುಲ್ಫ್‌ಗ್ಯಾಂಗ್ ಪೌಲಿ ಹೇಳಿದ್ದು ಎನ್ನುತ್ತಾರೆ. ಒರಟು ಮಾತೇ. ಆದರೆ ಅದರೊಳಗೆ ಒಂದು ಮಾಹಿತಿ ಇದೆ: ಪರೀಕ್ಷಿಸಲು ಏನೂ ಸಿಗಲಿಲ್ಲ. ಅಂದರೆ ನೀವು ಎರಡನೆಯ ಹೆಜ್ಜೆಗೆ ಹಿಂದಿರುಗಬೇಕು.

ಒರಟಾಗಿ ಬೈದವರಿಗೆ ಉತ್ತರ ಕೊಡಬೇಡಿ. ಖಚಿತವಾಗಿ ಒಂದು ಸಾಲನ್ನು ಎತ್ತಿ ತಪ್ಪು ತೋರಿಸಿದವರಿಗೆ ಮಾತ್ರ ಕೊಡಿ. ಐವತ್ತು ಕಾಮೆಂಟಿನಲ್ಲಿ ಅಂಥದ್ದು ಒಂದೇ ಇರಬಹುದು. ಆ ಒಂದಕ್ಕಾಗಿಯೇ ನೀವು ಅಲ್ಲಿಗೆ ಹೋಗಿದ್ದು.

ತಪ್ಪು ಸಿಕ್ಕಾಗ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಒಪೆರಾ ಪ್ರಯೋಗದವರನ್ನು ನೆನೆಯಿರಿ. ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೊವರೆಗಿನ ಸುಮಾರು 730 ಕಿಲೋಮೀಟರ್ ದಾರಿಯಲ್ಲಿ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ಬಂದಂತೆ ಅವರಿಗೆ ಕಂಡಿತು. 2011ರ ಸೆಪ್ಟೆಂಬರಿನಲ್ಲಿ ಅವರು 'ಐನ್‌ಸ್ಟೈನ್ ಸೋತರು' ಎಂದು ಘೋಷಿಸಲಿಲ್ಲ. ನಮಗೆ ತಪ್ಪು ಸಿಗುತ್ತಿಲ್ಲ, ನೀವೂ ಹುಡುಕಿ ಎಂದು ಜಗತ್ತಿನ ಮುಂದೆ ಇಟ್ಟರು. ಮುಂದಿನ ವರ್ಷ ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕೇಬಲ್ ಸಿಕ್ಕಿತು. ಅದನ್ನೂ ಅವರೇ ಹೇಳಿದರು.

2023ರ ಜುಲೈಯಲ್ಲಿ ಎಲ್‌ಕೆ-99 ಎಂಬ ವಸ್ತು ಕೋಣೆಯ ತಾಪದಲ್ಲೇ ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಸುತ್ತದೆ ಎಂಬ ಪ್ರಬಂಧ ಆರ್‌ಕೈವ್‌ಗೆ ಬಂತು. ಅದಕ್ಕಿಂತ ದೊಡ್ಡ ಹೇಳಿಕೆ ಆ ಕ್ಷೇತ್ರದಲ್ಲಿ ಇಲ್ಲ. ಅನುಮಾನ ಎಲ್ಲರಿಗೂ ಇತ್ತು. ಆದರೂ ಪ್ರಯೋಗಾಲಯಗಳೂ ಹವ್ಯಾಸಿಗಳೂ ಅದನ್ನು ಮಾಡಿ ನೋಡಲು ಮುಗಿಬಿದ್ದರು. ಯಾಕೆ? ಪ್ರಬಂಧದಲ್ಲಿ ತಯಾರಿಸುವ ವಿಧಾನ ಇತ್ತು. ಆಗಸ್ಟ್ ಮಧ್ಯದ ಹೊತ್ತಿಗೆ ಉತ್ತರ ಬಂತು: ಒಳಗೆ ಉಳಿದಿದ್ದ ತಾಮ್ರದ ಸಲ್ಫೈಡ್ ಸುಮಾರು 104 ಡಿಗ್ರಿ ಸೆಲ್ಸಿಯಸ್ ಹತ್ತಿರ ರೂಪ ಬದಲಿಸುತ್ತದೆ, ವಿದ್ಯುತ್ ರೋಧ ದಿಢೀರ್ ಇಳಿದದ್ದು ಅದರಿಂದ. ಐಡಿಯಾ ಬಿತ್ತು. ಆದರೆ ಅದಕ್ಕೆ ಸಿಕ್ಕಷ್ಟು ಗಮನ ಎಷ್ಟೋ ಸರಿಯಾದ ಪ್ರಬಂಧಗಳಿಗೂ ಸಿಕ್ಕಿಲ್ಲ.

10. 'ಗೆಲಿಲಿಯೊಗೂ ಹೀಗೇ ಆಯಿತು' ಎನ್ನುವ ಮೊದಲು

ಬಳಗಗಳು ತಪ್ಪೇ ಮಾಡುವುದಿಲ್ಲವೇ? ಮಾಡುತ್ತವೆ. ಡ್ಯಾನ್ ಶೆಕ್ಟ್‌ಮನ್ 1982ರಲ್ಲಿ ಹತ್ತು ಮಡಿ ಸಮಮಿತಿಯ ಹರಳನ್ನು ಕಂಡಾಗ ಅಂಥದ್ದು ಇರಲು ಸಾಧ್ಯವೇ ಇಲ್ಲ ಎಂದರು. ಅವರ ಸಂಶೋಧನಾ ಗುಂಪಿನಿಂದಲೇ ಹೊರಗೆ ಕಳಿಸಿದರು. ಎರಡು ನೊಬೆಲ್ ಪಡೆದಿದ್ದ ಲೈನಸ್ ಪೌಲಿಂಗ್ ಕೊನೆಯವರೆಗೂ ಒಪ್ಪಲಿಲ್ಲ. 2011ರಲ್ಲಿ ಶೆಕ್ಟ್‌ಮನ್‌ಗೆ ನೊಬೆಲ್ ಬಂತು. ಅವರನ್ನು ಉಳಿಸಿದ್ದು ವಾದ ಅಲ್ಲ. ಯಾರು ಬೇಕಾದರೂ ಅದೇ ಮಿಶ್ರಲೋಹ ಮಾಡಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದೇ ಚಿತ್ರ ಪಡೆಯಬಹುದಿತ್ತು, ಪಡೆದರು ಕೂಡ.

ವೆಗೆನರ್ ಕಥೆಯನ್ನು ಸಾಮಾನ್ಯವಾಗಿ ಅರ್ಧ ಮಾತ್ರ ಹೇಳುತ್ತಾರೆ. ಖಂಡಗಳು ಚಲಿಸುತ್ತವೆ ಎಂದು ಅವರು 1912ರಲ್ಲಿ ಹೇಳಿದ್ದು ಸರಿ. ಆದರೆ ಖಂಡಗಳನ್ನು ತಳ್ಳಲು ಅವರು ಸೂಚಿಸಿದ ಬಲಗಳು ತೀರಾ ದುರ್ಬಲ ಎಂದು ಟೀಕಿಸಿದವರೂ ಸರಿಯಾಗಿಯೇ ಇದ್ದರು. 1960ರ ದಶಕದಲ್ಲಿ ಸಮುದ್ರ ತಳದ ಕಾಂತೀಯ ಪಟ್ಟಿಗಳ ಅರ್ಥ ಬಿಡಿಸಿದ ಮೇಲೆ ಚಿತ್ರ ಬದಲಾಯಿತು. ಅಷ್ಟರಲ್ಲಿ ವೆಗೆನರ್ ತೀರಿಕೊಂಡು ಮೂವತ್ತು ವರ್ಷ ದಾಟಿತ್ತು. ಇದು ಅನ್ಯಾಯ ಅನಿಸುತ್ತದೆ, ನನಗೂ ಅನಿಸುತ್ತದೆ.

ಹೊರಗಿನವರು ಗೆದ್ದ ಇತ್ತೀಚಿನ ಉದಾಹರಣೆಗಳು ಗಣಿತದಲ್ಲಿ ಜಾಸ್ತಿ. ಡೇವಿಡ್ ಸ್ಮಿತ್ ನಿವೃತ್ತ ಪ್ರಿಂಟಿಂಗ್ ತಂತ್ರಜ್ಞ. ಎಂದೂ ಒಂದೇ ವಿನ್ಯಾಸ ಮರುಕಳಿಸದಂತೆ ಇಡೀ ಸಮತಲವನ್ನು ತುಂಬುವ 13 ಬದಿಯ ಒಂದು ಆಕಾರ 2022ರ ಕೊನೆಯಲ್ಲಿ ಅವರ ಕಣ್ಣಿಗೆ ಬಿತ್ತು. ಅದನ್ನು ದಪ್ಪ ಕಾಗದದಲ್ಲಿ ಕತ್ತರಿಸಿ ಜೋಡಿಸಿ ನೋಡಿದರು, ನಂತರ ಕಂಪ್ಯೂಟರ್ ವಿಜ್ಞಾನಿ ಕ್ರೇಗ್ ಕಪ್ಲಾನ್ ಅವರಿಗೆ ತಿಳಿಸಿದರು. ಇನ್ನಿಬ್ಬರು ಸೇರಿಕೊಂಡು ಸಾಧನೆ ಕೊಟ್ಟರು. 2023ರ ಮಾರ್ಚಿನಲ್ಲಿ ಬಂದ ಪ್ರಬಂಧದಲ್ಲಿ ಸ್ಮಿತ್ ಹೆಸರೇ ಮೊದಲು. ವಯಸ್ಸಾಗುವಿಕೆಯ ಬಗ್ಗೆ ಕೆಲಸ ಮಾಡುವ ಆಬ್ರಿ ಡಿ ಗ್ರೇ 2018ರಲ್ಲಿ, ಒಂದು ಯೂನಿಟ್ ದೂರದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬಾರದಂತೆ ಸಮತಲಕ್ಕೆ ಬಣ್ಣ ಹಚ್ಚಲು ನಾಲ್ಕು ಬಣ್ಣ ಸಾಲದು ಎಂದು ತೋರಿಸಿದರು. 1950ರಿಂದ ಇದ್ದ ಪ್ರಶ್ನೆ ಅದು. ಅವರು ಕೊಟ್ಟದ್ದು 1,581 ಬಿಂದುಗಳ ಒಂದು ಜಾಲ. ಅದನ್ನು ಕಂಪ್ಯೂಟರಿಗೆ ಹಾಕಿ ಉಳಿದವರು ಕೆಲವೇ ದಿನಗಳಲ್ಲಿ ಖಚಿತಪಡಿಸಿಕೊಂಡರು. ಪದವಿ ಏನು ಎಂದು ಯಾರೂ ಕೇಳಲಿಲ್ಲ.

11. ನೀವು ಉತ್ತರ ಕೊಡುವ ಕಡೆ ಇದ್ದರೆ

ಹೊಸಬರ ಪೋಸ್ಟ್ ಮುಚ್ಚುವುದು ನಿಮ್ಮ ಹಕ್ಕು. ಮುಚ್ಚುವಾಗ ಎರಡು ಸಾಲು ಬರೆಯಿರಿ: ಈ ಯೋಚನೆಯ ಹೆಸರೇನು, ಇದಕ್ಕೆ ಅಡ್ಡ ಬರುವ ಒಂದು ಅಳತೆ ಯಾವುದು. ಅಷ್ಟರಿಂದ ಒಬ್ಬರಿಗೆ ಆರು ತಿಂಗಳ ಓದಿಗೆ ದಾರಿ ಸಿಗಬಹುದು. ನಗಬೇಡಿ. 2011ರಲ್ಲಿ 4ಚಾನ್ ಎಂಬ ತಾಣದಲ್ಲಿ, ಅನಿಮೆ ಕಂತುಗಳನ್ನು ಎಲ್ಲ ಕ್ರಮದಲ್ಲೂ ನೋಡುವುದರ ಚರ್ಚೆಯ ನಡುವೆ, ಹೆಸರಿಲ್ಲದ ಒಬ್ಬರು ಸೂಪರ್‌ಪರ್ಮ್ಯುಟೇಶನ್ ಎಂಬ ಗಣಿತದ ಸಮಸ್ಯೆಗೆ ಒಂದು ಸಾಧನೆ ಬರೆದಿದ್ದರು. ಗಣಿತಜ್ಞರು ಅದನ್ನು ಗಂಭೀರವಾಗಿ ನೋಡಿದ್ದು 2018ರಲ್ಲಿ. ಸಾಧನೆ ಸರಿಯಾಗಿತ್ತು.

12. ಕದ್ದುಬಿಟ್ಟರೆ ಎಂಬ ಭಯ

ಈ ಭಯದಿಂದ ಹಲವರು ಐಡಿಯಾದ ಮುಖ್ಯ ಭಾಗವನ್ನೇ ಮುಚ್ಚಿಟ್ಟು ಪೋಸ್ಟ್ ಹಾಕುತ್ತಾರೆ. ಅದರಿಂದ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಬದಲಿಗೆ, ಹಂಚಿಕೊಳ್ಳುವ ಮೊದಲು ದಿನಾಂಕ ದಾಖಲಿಸಿ. ಸರ್ನ್ ನಡೆಸುವ ಜೆನೊಡೊ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಬರಹ, ಲೆಕ್ಕ, ಕೋಡ್ ಹಾಕಬಹುದು. ಪ್ರತಿಯೊಂದಕ್ಕೂ ಡಿಒಐ ಎಂಬ ಶಾಶ್ವತ ಗುರುತು ಸಿಗುತ್ತದೆ, ಹಾಕಿದ ದಿನವೂ ದಾಖಲಾಗುತ್ತದೆ. ಅಲ್ಲಿ ಹಾಕಿದ ಮಾತ್ರಕ್ಕೆ ಅದನ್ನು ಯಾರೋ ಪರಿಶೀಲಿಸಿದ್ದಾರೆ ಎಂದಲ್ಲ, ಹಾಗೆ ಹೇಳಿಕೊಳ್ಳಲೂಬೇಡಿ. ಯಾರಾದರೂ ತಪ್ಪು ತೋರಿಸಿದರೆ ತಿದ್ದಿದ ಆವೃತ್ತಿಯನ್ನು ಅದೇ ದಾಖಲೆಗೆ ಸೇರಿಸಿ, ತೋರಿಸಿದವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಬರೆಯಿರಿ. ಹಳೆಯ ಆವೃತ್ತಿ ಅಲ್ಲೇ ಉಳಿಯುತ್ತದೆ, ಎರಡಕ್ಕೂ ಬೇರೆ ಬೇರೆ ಡಿಒಐ ಇರುತ್ತದೆ.